ನಾಗಿಯ ಕಿವಿಯ ಹಸಿರು ಹರಳು

ಅಭಿಜ್ಞಾ ಹುಟ್ಟಿದ ಮೊದಲ ತಿಂಗಳುಗಳಲ್ಲಿ ನಾನು ಯಾವುದಕ್ಕೆಲ್ಲ ಹೆದರಿದ್ದೆ ಎಂದು ಹೇಳಿದರೆ ಈಗ ನಮ್ಮ ಮನೆಯವರೂ ನಗುತ್ತಾರೆ. ಫ್ಯಾನು ಕಳಚಿ ತೊಟ್ಟಿಲ ಮೇಲೆ ಬಿದ್ದೀತೆಂದು ಸೆಕೆಯಲ್ಲೇ ಮಲಗುತ್ತಿದ್ದೆ. ನನ್ನ ಮಂಚದ ಕೆಳಗೆ ಅತ್ತೆ ಒಂದು ಕತ್ತಿ ಇಟ್ಟಿದ್ದರು. ಬಾಣಂತಿಯ ಹತ್ತಿರ ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವಂತೆ. ನನಗೋ ಗಾಳಿಗಿಂತ ಕತ್ತಿಯದೇ ಚಿಂತೆ, ಮಗುವನ್ನೆತ್ತಿಕೊಂಡು ಇಳಿಯುವಾಗ ಅದರ ಮೇಲೇ ಕಾಲಿಟ್ಟರೆ ಎಂದು. ಆದರೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ನಾಗಿಗೆ.

ನಾಗಿ ಯಲ್ಲಾಪುರದಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ಮೀಯಿಸುವವಳು. ಮಾಗೋಡು ರಸ್ತೆಯ ಕಡೆಯಿಂದ ದಿನಾ ಬೆಳಿಗ್ಗೆ ನಡೆದು ಬರುತ್ತಿದ್ದಳು. ಅವಳ ಗಂಡ ಜಟ್ಟಪ್ಪ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ನಾನು ಓದಿ ಬೆಳೆದದ್ದು ಮೈಸೂರಿನಲ್ಲಿ. ಮೊದಲ ಬಾಣಂತನ ತವರಿನಲ್ಲೇ ಆಗಬೇಕಿತ್ತು, ಆದರೆ ಆ ವರ್ಷ, ಎರಡು ಸಾವಿರದ ಮೂರರಲ್ಲಿ, ಅಮ್ಮನಿಗೆ ಬೆನ್ನಿನ ಆಪರೇಶನ್ ಆಗಿ ಅವರಿಗೇ ಇನ್ನೊಬ್ಬರು ಬೇಕಾಗಿತ್ತು. ಹಾಗಾಗಿ ಯಲ್ಲಾಪುರದ ಬಾಡಿಗೆ ಮನೆಯಲ್ಲೇ ನನ್ನ ಬಾಣಂತನ ನಡೆಯಿತು. ಅತ್ತೆ ಪರಿಮಳಾ ಸಿದ್ದಾಪುರದ ಕಡೆಯ ದೊಡ್ಮನೆಯಿಂದ ಬಂದು ಅಡುಗೆ, ಕಷಾಯ, ಲೇಹ್ಯ ಎಲ್ಲ ವಹಿಸಿಕೊಂಡರು. ಮೀಯಿಸುವುದು ಮಾತ್ರ ತನ್ನಿಂದಾಗದು, ಸೊಂಟ ಬಗ್ಗುವುದಿಲ್ಲ ಎಂದು ನಾಗಿಗೆ ಹೇಳಿಕಳಿಸಿದರು.

ಮೊದಲ ದಿನ ಅವಳು ಮಗುವನ್ನು ಮೀಯಿಸಿದ್ದನ್ನು ನೋಡಿ ನಾನು ಬಚ್ಚಲ ಬಾಗಿಲು ಬಿಟ್ಟು ಕದಲಲಿಲ್ಲ. ಮಣೆಯ ಮೇಲೆ ಕೂತು ಕಾಲು ನೀಡಿ, ಮಗುವನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡು, ಕೊಬ್ಬರಿ ಎಣ್ಣೆ ಸುರಿದು ಬೆನ್ನು ತಿಕ್ಕಿದಳು. ಒಂದು ಕೈಯಲ್ಲಿ ಹಂಡೆಯ ಬಿಸಿನೀರು ಬೆರೆಸಿ ತಂಬಿಗೆಯಿಂದ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಕೈಕಾಲು ಎಳೆದು ಮಡಚಿ ಬಿಚ್ಚಿದಳು. ಮಗು ಕಿರುಚಿ ಕೆಂಪಾಯಿತು. ಆಮೇಲೆ ಅದರ ಮುಖಕ್ಕೆ ಮುಖ ತಂದು ಕಿವಿಗೆ ಫೂ ಎಂದು ಊದಿದಳು, ಮೂಗಿಗೂ ಊದಿದಳು. ನೀರು ನಿಲ್ಲಬಾರದಂತೆ. ಹೀಗೆ ಊದಬಾರದೆಂದು ಪುಸ್ತಕದಲ್ಲಿ ಬರೆದಿದೆ ಎಂದೆ. ನಾಗಿ ನಕ್ಕು, ಆ ಪುಸ್ತಕ ಬರೆದವನನ್ನು ಮೀಸಿದವಳೂ ಊದಿಯೇ ಮೀಸಿದ್ದಾಳು ಎಂದಳು. ಅತ್ತೆ ಅಡುಗೆಮನೆಯಿಂದಲೇ ನಕ್ಕರು.

ಈ ಕೆಲಸ ಅವಳಿಗೆ ಬಂದದ್ದು ಅವಳ ಅತ್ತೆ ಗಂಗೆಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಗಂಗೆ ಇವಳ ಕೈಗೆ ಯಾರ ಕೂಸನ್ನೂ ಕೊಡಲಿಲ್ಲವಂತೆ. ಅಟ್ಟದ ಕೆಳಗೆ ಬಾಳೆಪಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದ ದೊಡ್ಡ ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ಒಂದನ್ನು ಇಳಿಸಿ, ಎಣ್ಣೆ ಹಚ್ಚಿ, ಕಾಲ ಮೇಲಿಟ್ಟು ಇದನ್ನು ಮೀಸು ಎಂದಳಂತೆ. ಜಾರಿ ಬಿದ್ದರೆ ಅವತ್ತಿಗೆ ಅದರದೇ ಹುಳಿ. ನಾಗಿ ಇದನ್ನು ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಒಂದು ತಿಂಗಳು ಮನೆಯಲ್ಲಿ ಮೊಗೆಕಾಯಿ ಹುಳಿ ತಪ್ಪಲಿಲ್ಲ, ಆಮೇಲೆ ತಪ್ಪಿತು, ಆಗ ಗಂಗೆ ಅವಳನ್ನು ಮೊದಲ ಬಾರಿಗೆ ಒಂದು ನಿಜವಾದ ಕೂಸಿನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಂದ ಮುಂದೆ ಯಲ್ಲಾಪುರ ಪೇಟೆಯಲ್ಲಿ ಹುಟ್ಟಿದ ಅರ್ಧ ಮಕ್ಕಳು ತನ್ನ ಕಾಲ ಮೇಲೇ ಬೆಳೆದವು ಎಂದು ನಾಗಿಯ ಲೆಕ್ಕ. ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುವ ಮೀಸೆ ಬಂದ ಹುಡುಗರನ್ನು ತೋರಿಸಿ, ಇಂವ ಕಾಲು ಸೊಟ್ಟ ಇದ್ದ, ನಾ ಎಳೆದು ನೆಟ್ಟಗೆ ಮಾಡಿದ್ದು ಎನ್ನುವಳು. ಆ ಹುಡುಗರು ಪೆಡಲು ಜೋರಾಗಿ ತುಳಿದು ಮರೆಯಾಗುತ್ತಿದ್ದರು.

ಅವಳು ಮಗುವಿನ ಮೇಲೆ ಬಗ್ಗಿದಾಗಲೆಲ್ಲ ಅವಳ ಕಿವಿಯ ಟಾಪ್ಸು ಹೊಳೆಯುತ್ತಿತ್ತು. ಸ್ಟೀಲಿನ ಸಣ್ಣ ಬಟ್ಟಲು, ಅದರ ನಡುವೆ ಹಸಿರು ಹರಳು. ಅಭಿಜ್ಞಾಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಆ ಹರಳಿನ ಮೇಲೆ ಕಣ್ಣು ನಿಲ್ಲಲು ಶುರುವಾಯಿತು. ಅಳುವ ನಡುವೆಯೂ ಅದನ್ನು ನೋಡಿ ಸುಮ್ಮನಾಗುವಳು, ಕೈ ಚಾಚುವಳು. ನಾಗಿ ಬೇಕೆಂದೇ ತಲೆ ಅಲ್ಲಾಡಿಸಿ ಹೊಳೆಸುತ್ತಿದ್ದಳು.

ಆ ಟಾಪ್ಸಿಗೂ ಒಂದು ಕತೆಯಿತ್ತು. ಮದುವೆಯಲ್ಲಿ ಹಾಕಿದ್ದ ಬಂಗಾರದ್ದು ಮಗಳು ಮಮತಾಗೆ ಟೈಫಾಯಿಡ್ ಆದ ವರ್ಷ ಹೋಯಿತು. ಆಮೇಲೆ ಪೇಟೆಯಲ್ಲಿ ಸಿಗುವ ಹಿತ್ತಾಳೆಯದು, ಬಂಗಾರದ ನೀರು ಕುಡಿಸಿದ್ದು ಎಲ್ಲ ಹಾಕಿ ನೋಡಿದಳು. ಕಿವಿ ತಾಳಲಿಲ್ಲ. ತೂತು ಬಾತು ಕೀವಾಗಿ ಸೋರುವುದು, ಕೀವಿನ ಕಿವಿ ಇಟ್ಟುಕೊಂಡು ಕೂಸು ಮುಟ್ಟುವ ಹಾಗಿಲ್ಲ, ಗಂಡನಿರುವವಳು ಬರಿಗಿವಿಯಲ್ಲಿ ಬಾಣಂತಿಯ ಮನೆಗೆ ಬರುವ ಹಾಗೂ ಇಲ್ಲ. ಹಾಗಾಗಿ ವರ್ಷಗಟ್ಟಲೆ ತೆಂಗಿನ ಹಿಡಿಕಡ್ಡಿಯ ತುಂಡು ಸಿಕ್ಕಿಸಿಕೊಂಡೇ ತಿರುಗಿದಳು. ಮಮತಾ ದೊಡ್ಡವಳಾಗಿ ಶಿರಸಿಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅಂಗಡಿಗೆ ಹೊಸದಾಗಿ ಬಂದ ಈ ಸ್ಟೀಲಿನ ಟಾಪ್ಸುಗಳನ್ನು ರಟ್ಟಿನ ಸಮೇತ ತಂದು ತಾಯಿಯ ಮುಂದೆ ಹಿಡಿದಳು. ಕೆಂಪು, ನೀಲಿ, ಹಳದಿ, ಗುಲಾಬಿ, ಎಲ್ಲ ಬಣ್ಣದ ಹರಳು. ಡಾಕ್ಟರು ಮುರಿದ ಎಲುಬಿಗೆ ಒಳಗೆ ಹಾಕುವುದೂ ಇದೇ ಸ್ಟೀಲು ಎಂದು ಮಮತಾ ಹೇಳಿದಳಂತೆ. ನಾಗಿ ಹಸಿರನ್ನು ಆರಿಸಿದಳು. ಕಿವಿ ಸೋರಲಿಲ್ಲ.

ಬಾಣಂತಿಯ ಮನೆಯಲ್ಲಿ ಸ್ಟೀಲು ಹಾಕಿಕೊಂಡು ಬರಬಹುದೇ ಎಂದು ಅತ್ತೆ ಒಮ್ಮೆ ಮೂಗು ಮುರಿದದ್ದುಂಟು. ನಾಗಿ ಬಿಟ್ಟಾಳೆಯೇ?

"ಮಂಚದ ಕೆಳಗೆ ಕತ್ತಿ ಇಟ್ಟಿದ್ರಲ್ಲ ಅಮ್ಮ, ಅದು ಎಂತದು? ಇದು ಅದರ ತಮ್ಮ. ನಿಮ್ಮ ಕತ್ತಿ ಮಲಗಿರ್ತದೆ. ನನ್ನದು ಕೂಸಿನ ಸುತ್ತ ತಿರುಗ್ತಾ ಕಾಯ್ತದೆ."

ಅತ್ತೆ ಕಷಾಯ ಕುದಿಯಿತೇನೋ ಎನ್ನುತ್ತಾ ಒಳಗೆ ಹೋದರು.

ಮೇ ತಿಂಗಳ ಒಂದು ಬೆಳಿಗ್ಗೆ. ನಮ್ಮ ಮನೆಯವರು ಬ್ಯಾಂಕಿನ ಕೆಲಸಕ್ಕೆಂದು ಕಾರವಾರಕ್ಕೆ ಹೋಗಿದ್ದರು. ಅವತ್ತು ಮಗು ಮೀಯುವಾಗ ವಿಪರೀತ ಅತ್ತಿತು. ಬಾಯಿ ಪೂರ್ತಿ ತೆರೆದು, ಉಸಿರು ಕಟ್ಟಿ ಕಟ್ಟಿ ಅತ್ತಿತು. ನಾಗಿ ಒರೆಸಿ, ಧೂಪದ ಹೊಗೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಗೆ ತಂದಿಟ್ಟಳು. ನಾನು ಹಾಲಿಗೆ ಹಾಕಿಕೊಂಡು ತಲೆಯೆತ್ತಿದೆ. ನಾಗಿ ನನ್ನೆದುರು ಬಗ್ಗಿ ಮಗುವಿನ ಹಣೆಗೆ ಕಾಡಿಗೆಯ ಬೊಟ್ಟಿಡುತ್ತಿದ್ದಳು. ಅವಳ ಎಡಗಿವಿಯಲ್ಲಿ ಸ್ಟೀಲಿನ ಬಟ್ಟಲು ಮಾತ್ರ ಇತ್ತು. ನಡುವೆ ಖಾಲಿ.

"ನಾಗಿ, ನಿನ್ನ ಹರಳು ಎಲ್ಲಿ?"

ಅವಳು ಕಿವಿ ಮುಟ್ಟಿ ನೋಡಿಕೊಂಡಳು. ಕಾಡಿಗೆಯ ಬೆರಳು ಕಿವಿಗೆಲ್ಲ ಮೆತ್ತಿತು. ಬೆಳಿಗ್ಗೆ ಬರುವಾಗ ಇತ್ತು ಎಂದಳು. ಹಂಡೆಯ ಒಲೆಗೆ ಕಟ್ಟಿಗೆ ದೂಡುವಾಗಲೂ ಇತ್ತು, ಎಣ್ಣೆ ಹಚ್ಚುವಾಗ ಕೂಸು ಅದನ್ನೇ ನೋಡಿತ್ತು ಎಂದಳು. ಅದನ್ನು ಹೇಳಿದ ಕೂಡಲೇ ಅವಳೂ ಮಗುವನ್ನು ನೋಡಿದಳು, ನಾನೂ ನೋಡಿದೆ. ಅಳುವಾಗ ತೆರೆದಿದ್ದ ಆ ಬಾಯಿ ನಮ್ಮಿಬ್ಬರ ಕಣ್ಣಿಗೂ ಒಟ್ಟಿಗೇ ಬಂದಿರಬೇಕು.

ಆಮೇಲಿನ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಹಾಲು ಬಿಡಿಸಿ ಮಗುವಿನ ಬಾಯಿಗೆ ಬೆರಳು ಹಾಕಿದೆ. ಬಟ್ಟೆ ಬಿಚ್ಚಿ ಕುತ್ತಿಗೆಯ ಮಡಿಕೆ, ಕಂಕುಳು, ಮುಷ್ಟಿ ಎಲ್ಲ ಬಿಡಿಸಿ ನೋಡಿದೆ. ನಾಗಿ ಬಚ್ಚಲ ಕಲ್ಲಿನ ಮೇಲೆ ಮೊಣಕಾಲೂರಿ ಅಂಗೈಯಿಂದ ನೆಲ ಸವರಿದಳು. ಎಣ್ಣೆ ಬಟ್ಟಲು ಬಗ್ಗಿಸಿದಳು. ಅತ್ತೆ ಹಿತ್ತಿಲಿಗೆ ಹೋಗಿ ನೀರು ಹೋಗುವ ಬಾಯಲ್ಲಿ ಕೆಸರು ಕೆದಕಿದರು. ಏನೂ ಇರಲಿಲ್ಲ. ಹರಳು ಅಂದರೆ ಎಷ್ಟು ದೊಡ್ಡದು ಹೇಳಿ, ಉದ್ದಿನಕಾಳಿಗಿಂತ ತುಸು ದೊಡ್ಡದು. ಅಷ್ಟು ಸಣ್ಣದು ಎಲ್ಲಿಯೂ ಹೋಗಬಹುದು. ಕಿವಿಯೊಳಗೂ ಹೋಗಬಹುದು, ಊದಿದ್ದಾಳಲ್ಲ. ಮೂಗಿನೊಳಗೆ. ಅಲ್ಲಿಂದ ಶ್ವಾಸಕೋಶಕ್ಕೆ. ನನ್ನ ಪುಸ್ತಕದಲ್ಲಿ ಶೇಂಗಾ ಬೀಜ ಶ್ವಾಸಕ್ಕೆ ಹೋದ ಮಗುವಿನ ಒಂದು ಪುಟವೇ ಇತ್ತು, ನನಗೆ ಅದು ಬಾಯಿಪಾಠ.

ಅಷ್ಟು ಗಟ್ಟಿ ಕೂರಿಸಿದ ಹರಳು ಹೇಗೆ ಬಿತ್ತು ಎಂದು ಅತ್ತೆ ಕೇಳಿದರು. ನಾಗಿ ತಲೆ ತಗ್ಗಿಸಿದಳು. ಅದು ಮೊನ್ನೆಯೇ ಒಮ್ಮೆ ಬಿದ್ದಿತ್ತಂತೆ. ಮಮತಾ ಬರುವುದು ಭಾನುವಾರ, ಅಲ್ಲಿಯವರೆಗೆ ಏಕೆ ಖಾಲಿ ಎಂದು ಅವಳೇ ಅಂಟಿಸಿಕೊಂಡಿದ್ದಳು. ಮನೆಯಲ್ಲಿ ಹಲಸಿನಹಣ್ಣು ಕೊಯ್ದಿದ್ದರು, ಕತ್ತಿಗೆ ಮೆತ್ತಿದ ಮೇಣ ಕೈಗೆ ಸಿಕ್ಕಿತು. ಒಡೆದ ಮಡಕೆಗೆ, ಸಡಿಲಾದ ಚೂರಿಯ ಹಿಡಿಗೆ ಈ ಕಡೆ ಹಚ್ಚುವುದು ಅದನ್ನೇ. ಒಣಗಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ.

ಅತ್ತೆ ಮೆಟ್ಟಿಲ ಮೇಲೆ ಕೂತೇಬಿಟ್ಟರು.

"ದಿನಾ ಕೊಬ್ಬರಿ ಎಣ್ಣೆಲಿ ಕೈ ಅದ್ದವ್ಳು ನೀನು. ಮೇಣ ಎಣ್ಣೆಗೆ ನಿಲ್ತಾ?"

ಹಲಸಿನಹಣ್ಣು ಬಿಡಿಸುವವರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಮೇಣ ಅಂಟದಿರಲಿ ಎಂದೇ. ಮೈಸೂರಿನಿಂದ ಬಂದ ನನಗೂ ಅಷ್ಟು ಗೊತ್ತಾಗಿತ್ತು. ನಾಗಿ ಹುಟ್ಟಿದಾಗಿನಿಂದ ಹಲಸು ಕೊಯ್ದವಳು. ಆದರೆ ಅವಳ ತಲೆಯಲ್ಲಿ ಹಣ್ಣು ಬಿಡಿಸುವ ಎಣ್ಣೆ ಬೇರೆ, ಕೂಸು ತಿಕ್ಕುವ ಎಣ್ಣೆ ಬೇರೆ ಆಗಿತ್ತೋ ಏನೋ. ಅವಳು ಗೋಡೆಗೆ ಆತು ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

ಆಗ ಮಗು ಒಮ್ಮೆ ಕೆಮ್ಮಿತು. ಒಂದೇ ಸಲ. ನನಗೆ ಅಷ್ಟು ಸಾಕಾಯಿತು.

ಪೇಟೆಯ ಡಾಕ್ಟರು ಬೆಳಕು ಹಾಕಿ ಗಂಟಲು ನೋಡಿ, ಇಲ್ಲಿ ಎದೆಯ ಫೋಟೊ ತೆಗೆಯುವ ವ್ಯವಸ್ಥೆ ಇಲ್ಲ, ಶಿರಸಿಯ ಮಕ್ಕಳ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು ಎಂದರು. ಪಕ್ಕದ ಮನೆಯ ಸ್ಫೂರ್ತಿಯ ಗಂಡ ಬಾಡಿಗೆ ಜೀಪು ಮಾಡಿಸಿಕೊಟ್ಟರು. ಸ್ಫೂರ್ತಿಗೆ ಆಗ ಎಂಟು ತಿಂಗಳು, ತನ್ನ ಕೂಸನ್ನು ಮೀಯಿಸಲು ನಾಗಿಗೆ ಆಗಲೇ ಹೇಳಿಟ್ಟಿದ್ದಳು. ಅವಳು ಗೇಟಿನ ಹತ್ತಿರ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತು, ನಾಗಿಯನ್ನೇ ನೋಡುತ್ತಿದ್ದಳು. ನಾಗಿ ಯಾರೂ ಕರೆಯದೆ ಜೀಪಿನ ಹಿಂದಿನ ಸೀಟಿಗೆ ಹತ್ತಿದಳು. ಇಳಿ ಎಂದು ಅತ್ತೆಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಚಿಕೇರಿ ದಾಟುವವರೆಗೂ ನಾನು ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ. ಜೀಪು ಕುಲುಕಿದರೆ ಹರಳು ಇನ್ನೂ ಒಳಗೆ ಸರಿಯುತ್ತದೆಯೋ ಎಂದು ಡ್ರೈವರನಿಗೆ ನಿಧಾನ ಹೋಗಿ ಎಂದೆ. ಸ್ವಲ್ಪ ಹೊತ್ತಿಗೆ, ಹೀಗೇ ಹೋದರೆ ತಡವಾಗುತ್ತದೆ, ಬೇಗ ಹೋಗಿ ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ತನಗೆ ತೋಚಿದ ಹಾಗೆ ಓಡಿಸಿದ. ಮಗು ಮಲಗಿತು. ಮಲಗಿದ್ದಕ್ಕೂ ನನಗೆ ಭಯವಾಯಿತು, ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ.

ಶಿರಸಿಯ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಕಿವಿ, ಮೂಗು ಎಲ್ಲ ನೋಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಹರಳು ಎಷ್ಟು ಗಾತ್ರ ಎಂದು ಕೇಳಿದರು. ನಾಗಿ ಬಲಗಿವಿಯ ಟಾಪ್ಸು ಬಿಚ್ಚಿ ಅವರ ಮೇಜಿನ ಮೇಲಿಟ್ಟಳು, ಅವರು ಕನ್ನಡಕ ಮೇಲೆತ್ತಿ ಅದನ್ನು ತಿರುಗಿಸಿ ನೋಡಿದರು. ಉಸಿರು ಎರಡೂ ಕಡೆ ಸ್ವಚ್ಛವಾಗಿದೆ, ಫೋಟೊದಲ್ಲಿ ನನಗೇನೂ ಕಾಣುತ್ತಿಲ್ಲ ಎಂದರು. ಹಾಗಾದರೆ ಒಳಗೆ ಹೋಗಿಲ್ಲವೇ ಎಂದು ಕೇಳಿದೆ.

"ಹೋಗಿಲ್ಲ ಅಂತ ನಾನು ಹೇಳೋದಿಲ್ಲಮ್ಮ. ಗಾಜು ಇಷ್ಟು ಸಣ್ಣದಿದ್ರೆ ಕಾಣದೆಯೂ ಇರಬಹುದು. ಹೊಟ್ಟೆಗೆ ಹೋಗಿದ್ರೆ ತಾನಾಗಿ ಹೊರಗೆ ಬರ್ತದೆ. ದಿನಾ ನೋಡ್ತಾ ಇರಿ. ಕೆಮ್ಮು, ಏದುಸಿರು, ವಾಂತಿ ಕಂಡ್ರೆ ತಕ್ಷಣ ಕರ್ಕೊಂಡು ಬನ್ನಿ."

ಕಿವಿಗೂ ಮೂಗಿಗೂ ಊದಬಾರದು ಎಂದು ಆಮೇಲೆ ನಾಗಿಗೆ ಹೇಳಿದರು. ಗದರಿಸಲಿಲ್ಲ, ಮೆಲ್ಲಗೇ ಹೇಳಿದರು. ಅವಳು ಹೂಂ ಎಂದು ಟಾಪ್ಸನ್ನು ಎತ್ತಿ ಸೊಂಟದ ಎಲೆಯಡಿಕೆಯ ಸಂಚಿಗೆ ಹಾಕಿದಳು. ಎಡಗಿವಿಯ ಖಾಲಿ ಬಟ್ಟಲನ್ನೂ ಬಿಚ್ಚಿ ಅದರ ಜೊತೆಗೇ ಹಾಕಿದಳು. ವಾಪಸು ಬರುವಾಗ ದಾರಿಯಲ್ಲಿ ಜೀಪು ನಿಂತಾಗ ಎಲ್ಲಿಂದಲೋ ಒಂದು ತೆಂಗಿನ ಗರಿ ಹುಡುಕಿ, ಹಿಡಿಕಡ್ಡಿ ಮುರಿದು ಕಿವಿಗೆ ಸಿಕ್ಕಿಸಿಕೊಂಡಳು.

ಕಾಯುವುದು ಶುರುವಾಯಿತು. ಅವತ್ತು ಮಗು ಕಕ್ಕ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಹಾಲು ಕುಡಿಯುವ ಮಕ್ಕಳು ಹೀಗೆ ಎರಡು ಮೂರು ದಿನ ಮಾಡದಿರುವುದುಂಟು ಎಂದು ಪುಸ್ತಕದಲ್ಲೇ ಇದೆ. ಆದರೆ ಪುಸ್ತಕದ ಮಗುವಿನ ಹೊಟ್ಟೆಯಲ್ಲಿ ಹರಳಿರಲಿಲ್ಲವಲ್ಲ. ಹೊಟ್ಟೆ ಒತ್ತಿ ನೋಡುತ್ತಿದ್ದೆ, ಗಟ್ಟಿಯಾಗಿದೆ ಅನಿಸುವುದು. ಅತ್ತೆಯನ್ನು ಕರೆದು ಒತ್ತಿಸುತ್ತಿದ್ದೆ, ಮೆತ್ತಗಿದೆ ಎನ್ನುವರು. ಕರುಳಿಗೆ ತಾಗಿ ಕೊಯ್ದರೆ? ಹರಳಿಗೆ ಅಂಚಿತ್ತಲ್ಲ. ಕಾರವಾರದಿಂದ ಬಂದ ಇವರು ನನಗೆ ಧೈರ್ಯ ಹೇಳುತ್ತಾ ತಾವೇ ಮಗುವಿನ ಉಸಿರು ಎಣಿಸುವುದನ್ನು ನಾನು ಕಂಡೆ.

ನಾಗಿ ದಿನವೂ ತನ್ನ ಹೊತ್ತಿಗೇ ಬರುತ್ತಿದ್ದಳು, ಮಗುವನ್ನು ಮುಟ್ಟುತ್ತಿರಲಿಲ್ಲ. ನಾನೇ ಹಸಿ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಕಾಲ ಮೇಲೆ ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅವಳು ಹಿತ್ತಿಲ ಕಲ್ಲಿನ ಹತ್ತಿರ ಕೂತು ಮಗುವಿನ ಬಟ್ಟೆಗಳನ್ನು ಒಗೆಯುತ್ತಿದ್ದಳು. ಒದ್ದೆಯಾದ ಪ್ರತಿ ಬಟ್ಟೆಯನ್ನೂ ಮೊದಲು ಬಿಸಿಲಿಗೆ ಹಿಡಿದು ನೋಡಿ, ಬಕೆಟ್ಟಿನ ಬಾಯಿಗೆ ಬಿಳಿ ಪಂಚೆ ಬಿಗಿದು ಅದರ ಮೇಲೆ ನೀರು ಸುರಿದು ಸೋಸುತ್ತಿದ್ದಳು. ನಾನೂ ಹೋಗಿ ನಿಲ್ಲುತ್ತಿದ್ದೆ. ನಿಲ್ಲು ಎಂದು ಹೇಳಿದ್ದು ಅತ್ತೆ. ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ್ದರು.

"ಅದೊಂದರ ಕೈಲೇ ಬಿಡಡ ತಂಗಿ. ಹರಳು ಸಿಕ್ರೂ ಅದು ಹೇಳ್ತಿಲ್ಲೆ. ಹೇಳಿದ್ರೆ ನಾಳೆ ಅದ್ನ ಯಾರು ಕರೀತ?"

ಸಿಕ್ಕರೂ ನಾಗಿ ಮುಚ್ಚಿಟ್ಟಾಳು ಎಂಬ ಅತ್ತೆಯ ಮಾತು ಕ್ರೂರವೆನಿಸಿದರೂ ಸುಳ್ಳೆನಿಸಲಿಲ್ಲ. ಹರಳು ಸಿಗದಿದ್ದರೆ ಅದು ಗಟಾರಕ್ಕೆ ಹೋಯಿತು ಎಂದಾಗುತ್ತದೆ, ನಾಲ್ಕು ದಿನ ಊರು ಮಾತಾಡಿ ಬಿಡುತ್ತದೆ. ಸಿಕ್ಕರೆ, ನಾಗಿಯ ಕಿವಿಯದು ಕೂಸಿನ ಹೊಟ್ಟೆಗೆ ಹೋಗಿದ್ದು ಖಾತ್ರಿಯಾಗುತ್ತದೆ. ಸ್ಫೂರ್ತಿಯ ಅತ್ತೆ ಆಗಲೇ ಸಿದ್ದಾಪುರದ ಕಡೆಯಿಂದ ಬೇರೆ ಯಾರನ್ನೋ ವಿಚಾರಿಸುತ್ತಿದ್ದರು. ನನಗೆ ಮಾತ್ರ ಸಿಗಲೇಬೇಕಿತ್ತು. ಸಿಗದಿದ್ದರೆ ನಾನು ಯಾವತ್ತು ನಂಬುವುದು, ಅದು ಗಟಾರಕ್ಕೆ ಹೋಗಿದೆ ಎಂದು? ಮಗು ಪ್ರತಿ ಸಲ ಕೆಮ್ಮಿದಾಗ, ಪ್ರತಿ ಸಲ ಹೊಟ್ಟೆನೋವಿಗೆ ಅತ್ತಾಗ ನನಗೆ ಅದೇ. ಹೀಗೆ ನಾವಿಬ್ಬರೂ ಒಂದೇ ಪಂಚೆಯ ಮೇಲೆ ಕಣ್ಣಿಟ್ಟು ಕೂತಿದ್ದೆವು, ಬೇರೆ ಬೇರೆ ಆಸೆಯಲ್ಲಿ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಗು ಧಾರಾಳವಾಗಿ ಮಾಡಿತು. ಬಟ್ಟೆ ಸುತ್ತಿ ನಾಗಿಗೆ ಕೊಟ್ಟು ಪಕ್ಕದಲ್ಲೇ ನಿಂತೆ. ಅವಳು ಇನ್ನೂ ಬಿಡಿಸುತ್ತಿದ್ದಳು, ಒಳಗೆ ಮಗು ಕಿರುಚಿಕೊಂಡಿತು. ಒಳಗೆ ಓಡಿದೆ. ಏನೂ ಆಗಿರಲಿಲ್ಲ, ತೊಟ್ಟಿಲ ಮೇಲಿನ ಗಿಲಕಿ ಮುಖದ ಮೇಲೆ ಬಿದ್ದಿತ್ತು, ಅಷ್ಟೆ. ಎತ್ತಿಕೊಂಡು ಸಮಾಧಾನ ಮಾಡುವಾಗ, ನಾಗಿಯೊಬ್ಬಳೇ ಹಿತ್ತಿಲಲ್ಲಿದ್ದಾಳೆ ಎಂದು ನೆನಪಾಗಿ ತಿರುಗಿದೆ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗೈ ಬಿಡಿಸಿದಳು.

"ಸಿಕ್ತು, ಸಣ್ಣಮ್ಮ."

ಹಸಿರು ಹರಳು. ತೊಳೆದು ತಂದಿದ್ದಳು, ಹೊಳೆಯುತ್ತಿತ್ತು.

ಒಲೆಯ ಮುಂದಿದ್ದ ಅತ್ತೆ ಎದ್ದು ಬಂದು ನೋಡಿ, ಅಂತೂ ಒಳಗೇ ಹೋಗಿತ್ತು ಎಂದರು.

"ಹೌದಮ್ಮ. ನನ್ನ ಕಿವೀದು ಕೂಸಿನ ಹೊಟ್ಟೆಗೇ ಹೋಗಿತ್ತು" ಎಂದಳು ನಾಗಿ. ಅತ್ತೆಯ ಮುಖ ನೋಡಿಯೇ ಹೇಳಿದಳು.

ನನಗೆ ಅಳು ಬರಬೇಕಿತ್ತು. ಅಳುವಿನ ಬದಲು ಇನ್ನೊಂದು ಯೋಚನೆ ಬಂತು. ನನ್ನ ತಲೆ ಅಂಥದ್ದು, ಒಂದು ಹೆದರಿಕೆ ಹೋದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಅವಳ ಬಲಗಿವಿಯ ಟಾಪ್ಸಿನಲ್ಲೂ ಇಂಥದೇ ಹರಳಿತ್ತಲ್ಲ. ಮೂರು ದಿನದಿಂದ ನಾನು ಸರಿಯಾಗಿ ಉಣ್ಣದ್ದನ್ನು, ಹಾಲು ಕಡಿಮೆಯಾದದ್ದನ್ನು ಅವಳು ನೋಡಿದ್ದಾಳೆ. ನನ್ನ ಸಮಾಧಾನಕ್ಕೆಂದು ಆ ಹರಳನ್ನೇ ಕಿತ್ತು ತಂದಿದ್ದರೆ? ತನ್ನ ಹೆಸರು ಕೆಟ್ಟರೂ ಸರಿ, ಬಾಣಂತಿ ಉಣ್ಣಲಿ ಎಂದು ಹಾಗೆ ಮಾಡುವವಳೇ ಅವಳು. ಹಾಗಿದ್ದರೆ ನಿಜವಾದದ್ದು ಇನ್ನೂ ಒಳಗೇ ಇದೆ.

"ನಾಗಿ, ಇನ್ನೊಂದು ಟಾಪ್ಸು ತೋರಿಸು."

ಅತ್ತೆ ನನ್ನನ್ನು ನೋಡಿದರು. ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ಅರ್ಥವಾಯಿತು, ಥೂ ಎನ್ನುವ ಹಾಗೆ ಮುಖ ತಿರುಗಿಸಿದರು. ನಾಗಿಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಸೆರಗಿಗೆ ಕೈ ಒರೆಸಿಕೊಂಡು ಸಂಚಿ ಬಿಚ್ಚಿದಳು. ಅಡಿಕೆಯ ಹೋಳು, ಸುಣ್ಣದ ಡಬ್ಬಿ ಸರಿಸಿ ಎರಡೂ ಟಾಪ್ಸು ತೆಗೆದು ಹರಳಿದ್ದ ಅಂಗೈಯಲ್ಲೇ ಇಟ್ಟಳು. ಒಂದು ಖಾಲಿ. ಇನ್ನೊಂದರಲ್ಲಿ ಹಸಿರು ಹರಳು ತನ್ನ ಜಾಗದಲ್ಲೇ ಕೂತಿತ್ತು.

"ನೋಡೂದು ಒಳ್ಳೇದೇ. ತಾಯಿ ಅಲ್ದಾ" ಎಂದಳು.

ಆಗ ನನಗೆ ಅಳು ಬಂತು. ಮಗುವನ್ನು ಅವುಚಿಕೊಂಡು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ಎರಡು ಬಟ್ಟಲಿಗೆ ಗಂಜಿ ಬಡಿಸಿದರು. ಒಂದು ನನಗೆ, ಇನ್ನೊಂದನ್ನು ನಾಗಿಗೆ.

ಮರುದಿನದಿಂದ ಮಗುವನ್ನು ನೀನೇ ಮೀಯಿಸಬೇಕು ಎಂದೆ. ನಾಗಿ ಒಪ್ಪಲಿಲ್ಲ. ತಾನು ಹೊಸ್ತಿಲಲ್ಲಿ ಕೂತು ಹೇಳಿಕೊಡುತ್ತೇನೆ, ನೀವೇ ಮೀಸಿ ಎಂದಳು. ಮಗುವಿನ ಕುತ್ತಿಗೆಯ ಮಡಿಕೆ ಮೂರೇ ದಿನಕ್ಕೆ ಕೆಂಪಾಗಿ ಬೆಂದಿತ್ತು. ಅದನ್ನು ತೋರಿಸಿದೆ. ಆಗ ಸೆರಗು ಸಿಕ್ಕಿಸಿ ಬಚ್ಚಲಿಗೆ ಹೋದಳು.

ಆದರೆ ಅವಳು ಮೊದಲಿನ ನಾಗಿಯಾಗಿರಲಿಲ್ಲ. ಪ್ರತಿಯೊಂದಕ್ಕೂ ನನ್ನನ್ನು ಕೇಳುವಳು. ನೀರು ಇಷ್ಟು ಬಿಸಿ ಸಾಕಾ ಸಣ್ಣಮ್ಮ? ಎಣ್ಣೆ ಇಷ್ಟು ಹಾಕ್ಲಾ? ಕಾಲು ಎಳೀಲಾ, ಬ್ಯಾಡ್ವಾ? ಅಷ್ಟು ತಿಂಗಳಿನಿಂದ ಅವಳು ನನ್ನನ್ನು ಒಂದು ಮಾತು ಕೇಳಲಿ ಎಂದು ಹಂಬಲಿಸಿದವಳು ನಾನು. ಈಗ ಅವಳು ಕೇಳಿದರೆ ನನಗೇ ಹೆದರಿಕೆ. ನನಗೇನು ಗೊತ್ತು? ಅವಳ ಕೈ ಒಂದು ಗಳಿಗೆ ತಡೆದು ನಿಲ್ಲುವುದು ಮಗುವಿಗೂ ತಿಳಿಯುತ್ತಿತ್ತೋ ಏನೋ, ಅಷ್ಟು ಹೊತ್ತು ಅದೂ ಬಿಗಿದುಕೊಳ್ಳುತ್ತಿತ್ತು. ನಿನಗೆ ತಿಳಿದ ಹಾಗೆ ಮಾಡು ಎಂದರೆ ತಲೆಯಾಡಿಸುವಳು, ಮತ್ತೆ ಕೇಳುವಳು. ಮಮತಾ ಭಾನುವಾರ ಬಂದು ಹರಳಿಲ್ಲದ, ಬರೀ ಸ್ಟೀಲಿನ ಗುಂಡಿನ ಟಾಪ್ಸು ಕೊಟ್ಟು ಹೋದಳು. ನಾಗಿ ಅದನ್ನೇ ಹಾಕಿಕೊಂಡಳು. ಸ್ಫೂರ್ತಿಗೆ ಗಂಡು ಹುಟ್ಟಿದ್ದು ಅವಳಿಗೆ ಗೊತ್ತಾದದ್ದು ನಮ್ಮ ಮನೆಯಲ್ಲಿ. ಅಲ್ಲಿ ಬೇರೆಯವಳು ಬರುತ್ತಿದ್ದಳು. ಕೂಸು ಹೇಗಿದ್ಯಂತೆ ಎಂದಷ್ಟೇ ವಿಚಾರಿಸಿ, ಗೋಡೆಯಾಚೆಯ ಅಳು ಕೇಳಿದಾಗ ತಂಬಿಗೆ ಹಿಡಿದ ಕೈ ತಡೆದು ಆಲಿಸುತ್ತಿದ್ದಳು.

ಜೂನ್ ಶುರುವಿನಲ್ಲಿ ಒಂದು ದಿನ. ತಲೆಗೆ ನೀರು ಹಾಕುವಾಗ ಅಭಿಜ್ಞಾ ನಕ್ಕು ಬಾಯಿ ತೆರೆದಳು, ನೀರು ಒಳಗೆ ಹೋಯಿತು. ಕೆಮ್ಮಿದಳು, ಉಸಿರು ಸಿಗದೆ ಕಣ್ಣು ಅಗಲವಾಯಿತು. ನಾನು ಚೀರಿ ಕೈ ಹಾಕಿದೆ. ನಾಗಿ ನನ್ನ ಕೈಯನ್ನು ಪಟ್ಟೆಂದು ಹೊಡೆದು ಸರಿಸಿದಳು. ಮಗುವನ್ನು ಅಂಗೈಯ ಮೇಲೆ ಬೋರಲು ತಿರುಗಿಸಿ, ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದಳು. ನೀರು ಹೊರಗೆ ಬಂತು, ಅಳು ಹೊರಗೆ ಬಂತು.

"ಸರೀರಿ ಆಚೆಗೆ. ಬಾಗಿಲಿಗೆ ಅಡ್ಡ ನಿಂತ್ಕಂಡ್ರೆ ನನಗೆ ಕೂಸು ಕಾಣೂದಿಲ್ಲ."

ನಾನು ಸರಿದೆ. ಕೈ ಉರಿಯುತ್ತಿತ್ತು. ಅವಳು ಮಗುವನ್ನು ಮತ್ತೆ ಕಾಲ ಮೇಲೆ ಹಾಕಿಕೊಂಡು ಇನ್ನೊಂದು ತಂಬಿಗೆ ಬಿಸಿನೀರು ಎತ್ತಿದಳು. ಸಾಕಾ, ಹೆಚ್ಚಾಯಿತಾ ಎಂದು ಕೇಳಲಿಲ್ಲ. ಸುರಿದಳು.